ಹೊಲದಲ್ಲಿ ಬಿದ್ದ ಚಿನ್ನದ ಉಂಗುರ: ಡಿಟೆಕ್ಟರ್ ನಂಬರ್ ಯಾಕೆ ನಿಲ್ಲುತ್ತಿಲ್ಲ?

ಹೊಲದಲ್ಲಿ ಬಿದ್ದ ಚಿನ್ನದ ಉಂಗುರವನ್ನು ಮೆಟಲ್ ಡಿಟೆಕ್ಟರ್‌ನಿಂದ (ನೆಲದೊಳಗಿನ ಲೋಹ ಪತ್ತೆ ಮಾಡುವ ಯಂತ್ರ) ಹುಡುಕುವಾಗ ಅದರ ಪರದೆಯ ನಂಬರ್ ನಿಲ್ಲುತ್ತಿಲ್ಲ, ಅಗೆಯುವ ಮುಂಚೆ ಚಿನ್ನವೇ ಅಂತ ತಿಳಿಯುವುದು ಹೇಗೆ ಅಂತ ಕೇಳಿದ್ದೀರಿ. ಹೊಳಲ್ಕೆರೆ ಹತ್ತಿರದ ನಿಮ್ಮ ಹೊಲದಲ್ಲಿ ನಂಬರ್ ಕುಣಿಯುವುದಕ್ಕೆ ಹೆಚ್ಚಾಗಿ ಮಣ್ಣೇ ಕಾರಣ. ಆ ಕಡೆ ಮಣ್ಣಲ್ಲಿ ಕಬ್ಬಿಣದ ಅಂಶ ಜಾಸ್ತಿ ಅಲ್ವಾ? ಡಿಟೆಕ್ಟರ್ ಕೆಟ್ಟಿರಲಿಕ್ಕಿಲ್ಲ.

ಮೊದಲು ಲೋಹವಿಲ್ಲದ ಜಾಗದಲ್ಲಿ ಕಾಯಿಲ್ ಅನ್ನು (ಡಿಟೆಕ್ಟರ್ ತುದಿಯಲ್ಲಿ ನೆಲದ ಮೇಲೆ ಬೀಸುವ ತಟ್ಟೆಯಂಥ ಭಾಗ) ಮೇಲೆ ಕೆಳಗೆ ಆಡಿಸಿ ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಬರೀ ಮಣ್ಣಿಗೆ ಕೂಗದ ಹಾಗೆ ಹೊಂದಿಸಿ. ಆಮೇಲೂ ಸುಮ್ನೆ ಕೂಗಿದರೆ ಸೆನ್ಸಿಟಿವಿಟಿ (ಸಣ್ಣ ಸಿಗ್ನಲ್‌ಗೂ ಕೂಗುವ ಸೂಕ್ಷ್ಮತೆ) ಇಳಿಸಿ. ಪತ್ತೆಯಾಗುವ ಆಳ ಸ್ವಲ್ಪ ಕಡಿಮೆಯಾಗುತ್ತದೆ, ಪರವಾಗಿಲ್ಲ. ಉಂಗುರ ಬಿದ್ದ ಮೇಲೆ ಉಳುಮೆ ಆಗಿಲ್ಲ ಅಂದಿದ್ದೀರಿ, ಹಾಗಾಗಿ ಅದು ಮೇಲ್ಮಣ್ಣಲ್ಲೇ ಇರಬೇಕು.

ಈಗ ಮುಖ್ಯ ಕೆಲಸ. ಮನೆಯಲ್ಲಿರುವ ಅಷ್ಟೇ ಗಾತ್ರದ ಇನ್ನೊಂದು ಚಿನ್ನದ ಉಂಗುರಕ್ಕೆ ದಾರ ಕಟ್ಟಿ, ಅದೇ ಮಣ್ಣಲ್ಲಿ ನಾಲ್ಕು ಬೆರಳು ಆಳಕ್ಕೆ ಇಟ್ಟು ನಂಬರ್ ಬರೆದುಕೊಳ್ಳಿ. ದಾರ ಮಾತ್ರ ಮರೆಯಬೇಡಿ. ಹುಡುಕುವಾಗ ಅದರ ಆಸುಪಾಸಿನ ನಂಬರ್ ಬಂದರೆ, ಒಮ್ಮೆ ಪೂರ್ವ ಪಶ್ಚಿಮ, ಒಮ್ಮೆ ಉತ್ತರ ದಕ್ಷಿಣ ಬೀಸಿ ನೋಡಿ. ಎರಡೂ ಸಲ ನಂಬರ್ ಗಟ್ಟಿಯಾಗಿ ನಿಂತರೆ ಅಗೆಯಿರಿ. ಒಂದು ದಿಕ್ಕಲ್ಲಿ ಮಾತ್ರ ಕೂಗಿದರೆ ಸಾಮಾನ್ಯವಾಗಿ ಮೊಳೆ, ತಂತಿ.

ಆದರೂ ಅಗೆಯುವ ಮುಂಚೆ ಚಿನ್ನವೇ ಅಂತ ಯಾವ ಮಷೀನೂ ಖಚಿತವಾಗಿ ಹೇಳಲಾರದು. ಅದಕ್ಕೆ ಲೋಹದ ಹೆಸರು ಗೊತ್ತಾಗುವುದಿಲ್ಲ. ವಸ್ತುವಿನ ಗಾತ್ರ, ಆಕಾರ, ಅದರಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದೆಲ್ಲ ಸೇರಿ ಒಂದು ನಂಬರ್ ಆಗುತ್ತದೆ, ಅಷ್ಟೇ. ಮಾತ್ರೆ ಶೀಟಿನ ಅಲ್ಯೂಮಿನಿಯಂ ಚೂರು, ಬಾಟಲಿ ಮುಚ್ಚಳ ಕೂಡ ಉಂಗುರದ ನಂಬರನ್ನೇ ಕೊಡಬಹುದು. ಕಸ ಬೇಡ ಅಂತ ಡಿಸ್ಕ್ರಿಮಿನೇಷನ್‌ನಲ್ಲಿ (ಬೇಡದ ನಂಬರ್‌ಗಳಿಗೆ ಕೂಗದಂತೆ ಮಾಡುವ ಸೆಟ್ಟಿಂಗ್) ಆ ನಂಬರ್ ತೆಗೆದುಹಾಕಬೇಡಿ, ಉಂಗುರವೂ ತಪ್ಪಿಹೋಗುತ್ತದೆ. ದಾರ ಎಳೆದು ಸಾಲು ಮಾಡಿಕೊಳ್ಳಿ. ಕಾಯಿಲ್ ನೆಲಕ್ಕೆ ಹತ್ತಿರ ಇಟ್ಟು, ಪ್ರತಿ ಬೀಸು ಹಿಂದಿನದರ ಅರ್ಧ ಮುಚ್ಚುವ ಹಾಗೆ ನಿಧಾನವಾಗಿ ಹೋಗಿ.