ಓದುಗರ ಪ್ರಶ್ನೆ: ತೀರ್ಪು ಹೇಳದ ಪಂಚಾಯ್ತಿಕೆ

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ತೋಟದ ದಾರಿ, ಬೇಸಿಗೆಯ ನೀರಿನ ಪಾಳಿ, ಬೆಟ್ಟದ ಗಡಿ ಎಂದು ನಮ್ಮ ಊರಿನಲ್ಲಿ ವರ್ಷಗಟ್ಟಲೆ ಎಳೆಯುತ್ತಿರುವ ತಕರಾರುಗಳಿವೆ. ಸ್ವಸಹಾಯ ಸಂಘದ ಮಹಿಳೆಯರೂ ಸೇರಿ ಏಳು ಮಂದಿ ಸಂಭಾವನೆಯಿಲ್ಲದೆ ಮಧ್ಯಸ್ಥಿಕೆ ಮಾಡಲು ಮುಂದಾಗಿದ್ದೇವೆ. ಇದಕ್ಕೆ ಕಾನೂನಿನ ಬೆಂಬಲವಿದೆಯೇ? ನಾವು ಏನನ್ನು ಕಲಿಯಬೇಕು?
– ಓರ್ವ ಓದುಗರು, ಶಿರಸಿ ತಾಲ್ಲೂಕು

ಉತ್ತರ: 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ. ಊರಿನ ನೆಮ್ಮದಿಯನ್ನು ಕದಡಬಹುದಾದ ವಿವಾದವನ್ನು, ಎರಡೂ ಕಡೆಯವರು ಮೊದಲೇ ಒಪ್ಪಿದ್ದರೆ, ಮೂವರು ಮಧ್ಯಸ್ಥರ ಮುಂದಿಡಬಹುದು. ಆ ಮೂವರನ್ನು ನೇಮಿಸುವುದು ಕಾನೂನು ಸೇವೆಗಳ ಪ್ರಾಧಿಕಾರ. ಕಾಯ್ದೆಯ ಕಲಂಗಳು ಒಟ್ಟಿಗೆ ಜಾರಿಗೆ ಬಂದವಲ್ಲವಾದ್ದರಿಂದ, ಕೆಲಸ ಆರಂಭಿಸುವ ಮುನ್ನ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ತರಬೇತಿಯ ಬಗ್ಗೆಯೂ ಅಲ್ಲಿಯೇ ಕೇಳಿರಿ. ಇಲ್ಲಿ ಆಗುವ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲವಿಲ್ಲ ಎಂದು ಕಾಯ್ದೆಯೇ ಹೇಳುತ್ತದೆ. ಒಪ್ಪಿದವರು ಮನಸಾರೆ ಒಪ್ಪಿರದಿದ್ದರೆ, ಮುಂದಿನ ಮಳೆಗಾಲದ ಹೊತ್ತಿಗೆ ಜಗಳ ಮತ್ತೆ ತಲೆಯೆತ್ತುತ್ತದೆ.

ಕಲಿಯಬೇಕಾದದ್ದು ಈ ಕಾರಣಕ್ಕಾಗಿಯೇ ಬೇರೆ ಬಗೆಯದು. ನಮ್ಮ ಜಿಲ್ಲೆಗೆ ಪಂಚಾಯ್ತಿಕೆ ಹೊಸದಲ್ಲ. ಹಾಲಕ್ಕಿ ಒಕ್ಕಲಿಗರಲ್ಲಿ ಊರ ಯಜಮಾನ ಗೌಡ, ಅವನ ಸಲಹೆಗಾರ ಬುಧವಂತ, ಕರೆ ತಲುಪಿಸುವ ಕೋಲಕಾರ ಎಂಬ ಪಂಚಾಯ್ತಿಕೆಯ ವ್ಯವಸ್ಥೆ ಬಹುಕಾಲದಿಂದ ಇದೆ. ಆದರೆ ಹಿರಿಯರ ಪಂಚಾಯ್ತಿಕೆಯಲ್ಲಿ ಕೊನೆಯ ಮಾತು ಹಿರಿಯರದು, ಮಧ್ಯಸ್ಥಿಕೆಯಲ್ಲಿ ಅದು ಜಗಳವಾಡುವವರದು. ಸರಿಯುತ್ತರ ಗೊತ್ತಿದ್ದೂ ಬಾಯಿ ಬಿಡದಿರುವುದು ಶಿಕ್ಷಕರಾಗಿದ್ದವರಿಗೆ ತುಸು ಕಷ್ಟ ಎಂದರೆ ತಾವು ಬೇಸರಿಸಬಾರದು.

ದಾರಿಯ ತಕರಾರನ್ನೇ ನೋಡಿ. ಒಬ್ಬರು ‘ದಾರಿ ಬೇಕು’ ಎನ್ನುತ್ತಾರೆ, ಇನ್ನೊಬ್ಬರು ದಾರಿಗೆ ಅಡ್ಡಲಾಗಿ ದಣಪೆ (ಬೇಲಿಯ ಗೇಟು) ಹಾಕುತ್ತಾರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಕೂರಿಸಿ, ಹೇಳಿದ್ದನ್ನು ಅವರ ಅನುಮತಿಯಿಲ್ಲದೆ ಇನ್ನೊಬ್ಬರಿಗೆ ತಿಳಿಸುವುದಿಲ್ಲ ಎಂದು ಮಾತು ಕೊಟ್ಟು ಕೇಳಿದರೆ, ಮೊದಲಿನವರಿಗೆ ಬೇಕಾದದ್ದು ಕೊಯ್ಲಿನ ದಿನಗಳಲ್ಲಿ ಅಡಿಕೆ ಕೊನೆ ಸಾಗಿಸುವುದಷ್ಟೇ ಎಂದೂ, ಎರಡನೆಯವರಿಗಿರುವುದು ಇಂದು ಬಿಟ್ಟ ದಾರಿ ನಾಳೆ ಹಕ್ಕಾಗಿಬಿಡುತ್ತದೆ ಎಂಬ ಭಯವೆಂದೂ ಗೊತ್ತಾಗಬಹುದು. ಆ ಭಯ ಪೂರ್ತಿ ಹುಸಿಯಲ್ಲ: 1882ರ ಈಸ್‌ಮೆಂಟ್ ಕಾಯ್ದೆಯಂತೆ ಇಪ್ಪತ್ತು ವರ್ಷ ಅಡೆತಡೆಯಿಲ್ಲದೆ, ಹಕ್ಕೆಂದು ಬಳಸಿದ ದಾರಿಯ ಮೇಲೆ ಅನುಭೋಗದ ಹಕ್ಕು ಹುಟ್ಟುತ್ತದೆ, ಮಾಲೀಕರ ಅನುಮತಿ ಪಡೆದು ಓಡಾಡಿದರೆ ಹುಟ್ಟುವುದಿಲ್ಲ. ‘ಕೊಯ್ಲಿನ ಕಾಲದಲ್ಲಿ, ಮಾಲೀಕರ ಅನುಮತಿಯ ಮೇರೆಗೆ’ ಎಂದು ಕಾಗದದಲ್ಲಿ ಬರೆದರೆ ಇಬ್ಬರ ಚಿಂತೆಯೂ ಕಳೆಯಬಹುದು. ಆದರೆ ಆ ಸಾಲು ಅವರ ಬಾಯಿಂದಲೇ ಬರುವಂತೆ ಪ್ರಶ್ನೆ ಕೇಳುತ್ತಾ ಹೋಗಬೇಕು.

ಏಳು ಮಂದಿಯೂ ವಾರಕ್ಕೊಮ್ಮೆ ಕಲ್ಪಿತ ಜಗಳವೊಂದನ್ನು ಅಭಿನಯಿಸಿ ಅಭ್ಯಾಸ ಮಾಡಿರಿ. ‘ಅವನು ನೀರು ಕದ್ದ’ ಎಂಬ ಮಾತನ್ನು ‘ನಿಮ್ಮ ಪಾಳಿಯ ದಿನ ನಿಮಗೆ ನೀರು ಬರಲಿಲ್ಲ’ ಎಂದು ಮುಳ್ಳು ತೆಗೆದು ಹೇಳುವುದಕ್ಕೆ ನಾಲಿಗೆ ಪಳಗಬೇಕು. ಸಂಬಂಧಿಕರ ವ್ಯಾಜ್ಯಕ್ಕೆ ಕೂರಬೇಡಿ. ನಾಲ್ಕು ಮನೆಗಳ ಕೇರಿಯಲ್ಲಿ ಯಾರು ಸಂಬಂಧಿಕರಲ್ಲ ಎಂಬುದು ಬೇರೆ ಮಾತು, ಅಂಥ ಸಂದರ್ಭದಲ್ಲಿ ಪಕ್ಕದ ಊರಿನವರನ್ನು ಕರೆಯಿರಿ. ಬೆಟ್ಟದ ಗಡಿಗೆ ಮಾತ್ರ ಕೈ ಹಾಕುವ ಮುನ್ನ ಯೋಚಿಸಿ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಸರ್ಕಾರದ ಭೂಮಿ, ತೋಟದವರಿಗಿರುವುದು ಅದನ್ನು ಬಳಸುವ ಸವಲತ್ತು ಮಾತ್ರ. ಸೊಪ್ಪು ಕಡಿಯುವ ಸರದಿಯನ್ನು ಮಾತಾಡಿಕೊಳ್ಳಬಹುದು, ದಾಖಲೆಯನ್ನು ಬದಲಿಸಲಾಗದು.

ಪ್ರಶ್ನೆ: ಗಂಡ ಹೊಡೆಯುತ್ತಾನೆಂದು ಬರುವ ಹೆಂಗಸರಿಗೂ ನಮ್ಮ ಸಂಘದಲ್ಲೇ ರಾಜಿ ಮಾಡಿಸಬಹುದೇ?
– ಓರ್ವ ಓದುಗರು, ಕಾರವಾರ

ಉತ್ತರ: ಬೇಡ. ಮಧ್ಯಸ್ಥಿಕೆಗೆ ಇಬ್ಬರೂ ಹೆದರದೆ ಮಾತಾಡುವಂತಿರಬೇಕು, ಹೊಡೆತ ತಿನ್ನುವವಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು? 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಸಂರಕ್ಷಣಾಧಿಕಾರಿಗಳಿದ್ದಾರೆ, ಮಹಿಳಾ ಸಹಾಯವಾಣಿ 181 ಇದೆ, ಮಹಿಳೆಯರಿಗೆ ಉಚಿತ ವಕೀಲರ ನೆರವೂ ದೊರೆಯುತ್ತದೆ. ನಿಮ್ಮ ಸಂಘದ ಇಬ್ಬರು ಆ ಹೆಂಗಸರ ಜೊತೆಯಲ್ಲಿ ಸಂರಕ್ಷಣಾಧಿಕಾರಿಯ ಕಚೇರಿಯವರೆಗೆ ಹೋಗಿಬನ್ನಿ.