ಕರ್ನಲ್ ಮೇಲೆ ಗೂಬೆ ಕೂರಿಸುವ ಮುನ್ನ

ಈ ಸಲ ಬಂದ ಪತ್ರಗಳಲ್ಲಿ ಲಿನಕ್ಸ್‌ನ ಪ್ರಿಂಟರ್, ಸ್ಕ್ಯಾನರ್ ತಾಪತ್ರಯವೇ ಜಾಸ್ತಿ. ಕರ್ನಲ್ ಅಂದರೆ ಯಂತ್ರದ ಭಾಗಗಳನ್ನೂ ಪ್ರೋಗ್ರಾಮುಗಳನ್ನೂ ಬೆಸೆಯುವ ಲಿನಕ್ಸ್‌ನ ತಿರುಳು. ಮುಂಬಯಿ, ಪುಣೆ, ಗೋವಾ ಕಡೆಯ ಕನ್ನಡಿಗರು ಬರೆದ ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ. ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದ ಕಡೆ ಹೇಳಿದ್ದೇನೆ.

ಪ್ರಶ್ನೆ: ನಮ್ಮದು ತೆರಿಗೆ ಸಲಹೆಯ ಸಣ್ಣ ಕಚೇರಿ. ಹಳೆಯ ಎಚ್‌ಪಿ ಲೇಸರ್‌ಜೆಟ್ 1020 ಇದೆ. ಉಬುಂಟು ಲಿನಕ್ಸ್‌ನ ಹೊಸ ಆವೃತ್ತಿ ಹಾಕಿದ ಮರುದಿನದಿಂದ ಪ್ರಿಂಟ್ ಬರುತ್ತಿಲ್ಲ. 'ಫಿಲ್ಟರ್ ಫೇಲ್ಡ್' ಅಂತ ತೋರಿಸುತ್ತದೆ. ಹಳೆಯ ಕರ್ನಲ್‌ಗೆ ವಾಪಸ್ ಹೋಗಿ ಅಂತ ಪರಿಚಯದವರೊಬ್ಬರು ಹೇಳಿದರು. ಹೋಗಬೇಕಾ?
— ಓದುಗರು, ಡೊಂಬಿವಲಿ

ಉತ್ತರ: ಬೇಡ. ಹಳೆಯ ಕರ್ನಲ್‌ಗೆ ಹೋದರೆ ಭದ್ರತೆಯ ಅಪ್‌ಡೇಟ್‌ಗಳನ್ನು ಕಳೆದುಕೊಳ್ಳುತ್ತೀರಿ. ಪ್ರಿಂಟರ್ ಮಾತ್ರ ಹಾಗೇ ಕೂತಿರುತ್ತದೆ.

ಯುಎಸ್‌ಬಿ ಪ್ರಿಂಟರ್ ವಿಷಯದಲ್ಲಿ ಕರ್ನಲ್ ಬರೀ ಅಂಚೆಯವನು. ಲಕೋಟೆ ತಲುಪಿಸುತ್ತದೆ, ಒಳಗಿನ ಕಾಗದ ಓದುವುದಿಲ್ಲ. ಪುಟವನ್ನು ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುವುದು ಕಪ್ಸ್ ಎಂಬ ಮುದ್ರಣ ಸೇವೆ ಮತ್ತು ಅದರ ಫಿಲ್ಟರುಗಳ ಕೆಲಸ. ಅದೆಲ್ಲ ಕರ್ನಲ್‌ನ ಹೊರಗೆ ನಡೆಯುತ್ತದೆ. ನಿಮ್ಮ ಪರದೆಯ ಮೇಲೆ ಬಂದಿರುವುದು 'ಫಿಲ್ಟರ್' ಎಂಬ ಹೆಸರು. ಅಂದರೆ ತಪ್ಪು ಎಲ್ಲಿದೆ ಅಂತ ಯಂತ್ರವೇ ಹೇಳುತ್ತಿದೆ, ಅಲ್ವಾ?

ಆದರೂ ಖಾತ್ರಿ ಮಾಡಿಕೊಳ್ಳಿ. ಟರ್ಮಿನಲ್ ತೆರೆದು ಸುಡೋ (ನಿರ್ವಾಹಕರ ಅಧಿಕಾರ) ಜೊತೆ, ಕರ್ನಲ್‌ನ ಸಂದೇಶಗಳನ್ನು ತೋರಿಸುವ 'ಡಿಎಂಇಎಸ್‌ಜಿ -ಡಬ್ಲ್ಯು' ಕೊಡಿ. ಪ್ರಿಂಟರಿನ ಕೇಬಲ್ ಕಿತ್ತು ಮತ್ತೆ ಚುಚ್ಚಿ. 'ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್' ಎಂಬ ಸಾಲು ಬರಬೇಕು. ಅದರ ಹಿಂದೆಯೇ 'ಯುಎಸ್‌ಬಿಎಲ್‌ಪಿ0: ಯುಎಸ್‌ಬಿ ಬೈಡೈರೆಕ್ಷನಲ್ ಪ್ರಿಂಟರ್' ಎಂಬ ಸಾಲು ಬರಬೇಕು. ಆ ಸಾಲಿನ ಕೊನೆಯಲ್ಲಿ ಎಚ್‌ಪಿಯ ಗುರುತು 03ಎಫ್0, ಮಾಡೆಲ್‌ನ ಗುರುತು 2ಬಿ17 ಕಾಣುತ್ತವೆ. ಇಷ್ಟು ಬಂದರೆ ಕರ್ನಲ್ ತನ್ನ ಪಾಲಿನ ಕೆಲಸ ಮುಗಿಸಿದೆ. ಇದರ ಬದಲು 'ಡಿವೈಸ್ ಡಿಸ್ಕ್ರಿಪ್ಟರ್ ರೀಡ್, ಎರರ್ -71' ಅಥವಾ '-110' ಅಂತ ಬಂದರೆ ಮೊದಲು ಕೇಬಲ್, ಪೋರ್ಟ್ ನೋಡಿ. ಸಮುದ್ರದ ಗಾಳಿಗೆ, ಮಳೆಗಾಲದ ತೇವಕ್ಕೆ ನಮ್ಮ ಕಡೆ ಕನೆಕ್ಟರುಗಳು ಬೇಗ ಕಿಲುಬು ಹಿಡಿಯುತ್ತವೆ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಒಳ್ಳೆಯ ಗಿಡ್ಡ ಕೇಬಲ್ ಸಿಗುತ್ತದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು.

ಈಗ ನಿಜವಾದ ಕಾರಣಕ್ಕೆ ಬರೋಣ. ಲೇಸರ್‌ಜೆಟ್ 1020 ತನ್ನ ಫರ್ಮ್‌ವೇರನ್ನು (ತನ್ನನ್ನು ನಡೆಸುವ ತಂತ್ರಾಂಶವನ್ನು) ಒಳಗೆ ಉಳಿಸಿಕೊಳ್ಳುವುದಿಲ್ಲ. ಪ್ರತಿ ಸಲ ಸ್ವಿಚ್ ಹಾಕಿದಾಗ ಕಂಪ್ಯೂಟರ್ ಅದನ್ನು ಕಳಿಸಿಕೊಡಬೇಕು. ಲಿನಕ್ಸ್‌ನಲ್ಲಿ ಈ ಕೆಲಸ ಎಚ್‌ಪಿಎಲ್‌ಐಪಿ ಎಂಬ ಎಚ್‌ಪಿಯ ತಂತ್ರಾಂಶ ಮಾಡುತ್ತದೆ. ಅದರ ಬಹುಪಾಲು ಕೋಡ್ ಮುಕ್ತ (ಓಪನ್ ಸೋರ್ಸ್). ಆದರೆ ಈ ಮಾಡೆಲ್‌ಗೆ ಬೇಕಾದ ಒಂದು ತುಂಡು ಮುಕ್ತವಲ್ಲ, ಪ್ಲಗಿನ್ ಎಂಬ ಹೆಸರಿನಲ್ಲಿ ಬೇರೆಯಾಗಿ ಇಳಿಸಿಕೊಳ್ಳಬೇಕು. ಪ್ಲಗಿನ್‌ನ ಆವೃತ್ತಿಯೂ ಎಚ್‌ಪಿಎಲ್‌ಐಪಿಯ ಆವೃತ್ತಿಯೂ ತಾಳೆಯಾಗಬೇಕು. ಉಬುಂಟು ಅಪ್‌ಗ್ರೇಡ್ ಆದಾಗ ಎಚ್‌ಪಿಎಲ್‌ಐಪಿ ಹೊಸದಾಗುತ್ತದೆ, ಪ್ಲಗಿನ್ ಹಳೆಯದೇ ಉಳಿಯುತ್ತದೆ. ಕರ್ನಲ್ ಕೂಡ ಅದೇ ದಿನ ಬದಲಾಗಿರುತ್ತದೆ. ಹಾಗಾಗಿ ಬೈಗುಳ ಕರ್ನಲ್‌ಗೆ ಬೀಳುತ್ತದೆ.

ಇಂಟರ್ನೆಟ್ ಇರುವಾಗ 'ಎಚ್‌ಪಿ-ಪ್ಲಗಿನ್ -ಐ' ಓಡಿಸಿ, ಷರತ್ತು ಒಪ್ಪಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ. ನಿಮ್ಮ ಹಾಗೆ ಬರೆದವರಲ್ಲಿ ಹೆಚ್ಚಿನವರಿಗೆ ಇಷ್ಟೇ ಸಾಕು. ಫೂ2ಝಡ್‌ಜೆಎಸ್ ಎಂಬ ಇನ್ನೊಂದು ಮುಕ್ತ ಡ್ರೈವರ್ ಕೂಡ ಈ ಪ್ರಿಂಟರನ್ನು ನಡೆಸುತ್ತದೆ. ಅದೂ ಚೆನ್ನಾಗಿದೆ. ಆದರೆ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಡಿ. ಎರಡೂ ಒಂದೇ ಪ್ರಿಂಟರಿಗೆ ಫರ್ಮ್‌ವೇರ್ ಕಳಿಸಲು ಮುಗಿಬೀಳುತ್ತವೆ.

ಪ್ರಶ್ನೆ: ನಮ್ಮದು ಉಡುಪಿ ಹೋಟೆಲ್. ಬಿಲ್ಲಿಂಗ್ ಕಂಪ್ಯೂಟರಿಗೆ ಎರಡು ಥರ್ಮಲ್ ಪ್ರಿಂಟರ್ ಇವೆ. ಕೌಂಟರಿನಲ್ಲಿ ಬಿಲ್ಲಿನದು, ಅಡುಗೆಮನೆಯಲ್ಲಿ ಕೆಓಟಿಯದು (ಆರ್ಡರ್ ಚೀಟಿ). ಕರೆಂಟ್ ಹೋಗಿ ಬಂದರೆ ಒಮ್ಮೊಮ್ಮೆ ಅದಲುಬದಲಾಗುತ್ತವೆ. ಬಿಲ್ಲು ಅಡುಗೆಮನೆಯಲ್ಲಿ, ಮಸಾಲೆ ದೋಸೆಯ ಆರ್ಡರ್ ಕೌಂಟರಿನಲ್ಲಿ! ಸಾಫ್ಟ್‌ವೇರ್ ಮಾಡಿಕೊಟ್ಟವರು ಇದು ಲಿನಕ್ಸ್ ಡ್ರೈವರ್ ದೋಷ ಅನ್ನುತ್ತಾರೆ.
— ಹೋಟೆಲ್ ಮಾಲೀಕರು, ಮಡಗಾಂವ್

ಉತ್ತರ: ಮಧ್ಯಾಹ್ನದ ಊಟದ ಹೊತ್ತಿಗೆ ಹೀಗಾದರೆ ಎಷ್ಟು ಕಷ್ಟ ಅಂತ ಗೊತ್ತು. ಆದರೆ ಇದು ಡ್ರೈವರಿನ ದೋಷವಲ್ಲ. ಒಮ್ಮೆ ಕೂತು ಸರಿಮಾಡಿದರೆ ಮತ್ತೆ ಈ ಕಾಟ ಇರುವುದಿಲ್ಲ.

ಕರ್ನಲ್‌ನಲ್ಲಿರುವ ಯುಎಸ್‌ಬಿಎಲ್‌ಪಿ ಎಂಬ ಡ್ರೈವರ್ ಮೊದಲು ಬಂದ ಪ್ರಿಂಟರಿಗೆ ಎಲ್‌ಪಿ0, ಆಮೇಲೆ ಬಂದದ್ದಕ್ಕೆ ಎಲ್‌ಪಿ1 ಅಂತ ಹೆಸರಿಡುತ್ತದೆ. ಯಾವುದು ಅಡುಗೆಮನೆಯದು ಅಂತ ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಕರೆಂಟ್ ಬಂದಾಗ ಯಾವ ಪ್ರಿಂಟರ್ ಬೇಗ ಎದ್ದಿತೋ ಅದಕ್ಕೆ ಸೊನ್ನೆ. ನಿಮ್ಮ ಸಾಫ್ಟ್‌ವೇರ್ ಕಣ್ಣುಮುಚ್ಚಿ ಎಲ್‌ಪಿ0ಗೆ ಬಿಲ್ಲು ಕಳಿಸುತ್ತದೆ. ಬದಲಾಗಬಹುದಾದ ಸಂಖ್ಯೆಯನ್ನು ನಂಬಿ ಪ್ರೋಗ್ರಾಮ್ ಬರೆದದ್ದೇ ಇಲ್ಲಿನ ತಪ್ಪು.

ಪರಿಹಾರ ಯುಡೆವ್ ನಿಯಮ. ಚುಚ್ಚಿದ ಸಾಧನಗಳಿಗೆ ಹೆಸರು ಕೊಡುವ ಲಿನಕ್ಸ್ ಸೇವೆಯೇ ಯುಡೆವ್. ಪ್ರಿಂಟರಿನ ಸೀರಿಯಲ್ ನಂಬರ್ ನೋಡಿ ಖಾಯಂ ಹೆಸರು ಕೊಡುವುದು ವಾಡಿಕೆ. ಆದರೆ ಅಗ್ಗದ ಥರ್ಮಲ್ ಪ್ರಿಂಟರುಗಳಲ್ಲಿ ಎಷ್ಟೋ ಸಲ ಸೀರಿಯಲ್ ಇರುವುದೇ ಇಲ್ಲ, ಇದ್ದರೂ ಎರಡರಲ್ಲೂ ಒಂದೇ. ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ 'ಎಲ್‌ಎಸ್‌ಯುಎಸ್‌ಬಿ' ಕಮಾಂಡ್ ಕೊಟ್ಟು ನೋಡಿ. ಎರಡಕ್ಕೂ 0416:5011 ಎಂಬ ಒಂದೇ ಗುರುತು ಕಂಡರೆ ಆಶ್ಚರ್ಯಪಡಬೇಡಿ. ಅದಕ್ಕೇ ಪ್ರಿಂಟರ್ ಬಿಟ್ಟು, ಅದು ಚುಚ್ಚಿರುವ ಪೋರ್ಟನ್ನು ಹಿಡಿಯೋಣ.

ಅಡುಗೆಮನೆಯ ಪ್ರಿಂಟರ್ ಒಂದನ್ನೇ ಚುಚ್ಚಿ. 'ಯುಡೆವ್‌ಎಡಿಎಂ ಇನ್ಫೋ -ಎ -ಎನ್' ಬರೆದು ಮುಂದೆ ಎಲ್‌ಪಿ0ಯ ಪೂರ್ತಿ ದಾರಿ (/ಡೆವ್/ಯುಎಸ್‌ಬಿ/ಎಲ್‌ಪಿ0) ಕೊಡಿ. ಉದ್ದನೆಯ ಪಟ್ಟಿಯಲ್ಲಿ 'ಕರ್ನಲ್ಸ್' ಎಂಬ ಸಾಲುಗಳಿರುತ್ತವೆ. ಅವುಗಳಲ್ಲಿ 1-1.2 ಥರದ್ದೊಂದು ಸಿಗುತ್ತದೆ. 1ನೇ ಬಸ್, 1ನೇ ಪೋರ್ಟಿನಲ್ಲಿರುವ ಹಬ್, ಆ ಹಬ್ಬಿನ 2ನೇ ತೂತು ಅಂತ ಅರ್ಥ. ಎಷ್ಟು ಸಲ ಕರೆಂಟ್ ಹೋದರೂ ಆ ವಿಳಾಸ ಬದಲಾಗುವುದಿಲ್ಲ. ಈಗ ಇಟಿಸಿ ಒಳಗಿನ ಯುಡೆವ್, ಅದರೊಳಗಿನ ರೂಲ್ಸ್.ಡಿ ಫೋಲ್ಡರಿನಲ್ಲಿ '99-ಹೋಟೆಲ್.ರೂಲ್ಸ್' ಎಂಬ ಫೈಲ್ ಮಾಡಿ. ಒಂದು ಸಾಲಿನಲ್ಲಿ ಮೂರು ಮಾತು, ನಡುವೆ ಕಾಮಾ: ಸಬ್‌ಸಿಸ್ಟಮ್ ಅಂದರೆ 'ಯುಎಸ್‌ಬಿಮಿಸ್ಕ್', ಕರ್ನಲ್ಸ್ ಅಂದರೆ '1-1.2', ಸಿಮ್‌ಲಿಂಕ್ ಅಂದರೆ 'ಕೆಓಟಿ'. ಸಬ್‌ಸಿಸ್ಟಮ್, ಕರ್ನಲ್ಸ್, ಸಿಮ್‌ಲಿಂಕ್ ಎಂಬ ಮೂರು ಪದಗಳು ದೊಡ್ಡಕ್ಷರದಲ್ಲಿರಲಿ, ಅವುಗಳಿಗೆ ಕೊಡುವ ಹೆಸರು, ಸಂಖ್ಯೆಗಳು ಡಬಲ್ ಕೋಟ್‌ನ ಒಳಗಿರಲಿ. ಮೊದಲ ಎರಡರ ಮುಂದೆ == ಹಾಕಿ, ಸಿಮ್‌ಲಿಂಕ್ ಮುಂದೆ += ಹಾಕಿ. ಬಿಲ್ಲಿನ ಪ್ರಿಂಟರಿಗೂ ಅದರ ಪೋರ್ಟ್ ವಿಳಾಸ ಹಾಕಿ ಇನ್ನೊಂದು ಸಾಲು ಬರೆಯಿರಿ. 'ಯುಡೆವ್‌ಎಡಿಎಂ ಕಂಟ್ರೋಲ್ --ರೀಲೋಡ್' ಕೊಟ್ಟು ಕೇಬಲ್ ಕಿತ್ತು ಚುಚ್ಚಿ.

ಇನ್ನು ಸಾಫ್ಟ್‌ವೇರ್‌ನವರಿಗೆ ಹೇಳಿ ಎಲ್‌ಪಿ0, ಎಲ್‌ಪಿ1 ತೆಗೆಸಿ, ನೀವು ಕೊಟ್ಟ ಹೊಸ ಹೆಸರುಗಳನ್ನು ಹಾಕಿಸಿ. ಹಬ್ಬಿನ ತೂತುಗಳ ಪಕ್ಕ 'ಅಡುಗೆಮನೆ', 'ಕೌಂಟರ್' ಅಂತ ಚೀಟಿ ಅಂಟಿಸಿ. ಕಸ ಗುಡಿಸುವಾಗ ಯಾರೋ ಕೇಬಲ್ ಕಿತ್ತು ಬೇರೆ ಕಡೆ ಚುಚ್ಚಿದರೆ ನಿಯಮ ಕೆಲಸ ಮಾಡುವುದಿಲ್ಲ.

ಇನ್ನೊಂದು ಮಾತು. ಈ ಎರಡು ಪ್ರಿಂಟರುಗಳನ್ನು ಕಪ್ಸ್‌ಗೆ ಸೇರಿಸಬೇಡಿ. ಕಪ್ಸ್ ಪ್ರಿಂಟ್ ಮಾಡುವಾಗ ಯುಎಸ್‌ಬಿಎಲ್‌ಪಿಯನ್ನು ಪಕ್ಕಕ್ಕೆ ಸರಿಸಿ ತಾನೇ ನೇರವಾಗಿ ಪ್ರಿಂಟರನ್ನು ಹಿಡಿಯುತ್ತದೆ. ಅಷ್ಟು ಹೊತ್ತು ಎಲ್‌ಪಿ ಹೆಸರುಗಳು ಮಾಯವಾಗುತ್ತವೆ. ಆ ಹೊತ್ತಿಗೇ ಬಂದ ಆರ್ಡರ್ ಅಡುಗೆಮನೆ ತಲುಪುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಕನ್ನಡ ಮಾಸಪತ್ರಿಕೆಗಳ ಕಟ್ಟು ಮನೆಯಲ್ಲಿದೆ. ಕ್ಯಾನನ್ ಲೈಡ್ 110 ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದೇನೆ. ಮೊದಲ ಪುಟ ಸರಿಯಾಗಿ ಬರುತ್ತದೆ. ಎರಡನೆಯದಕ್ಕೆ 'ಎರರ್ ಡ್ಯೂರಿಂಗ್ ಡಿವೈಸ್ ಐ/ಓ'. ಕೇಬಲ್ ಕಿತ್ತು ಹಾಕಿದರೆ ಮತ್ತೆ ಒಂದೇ ಪುಟ. ಸ್ಕ್ಯಾನರ್ ಡ್ರೈವರ್ ಹಾಕಿಕೊಳ್ಳಬೇಕಾ?
— ಓದುಗರು, ಕೋಥರೂಡ್, ಪುಣೆ

ಉತ್ತರ: ಆ ಕಟ್ಟನ್ನು ಉಳಿಸುತ್ತಿದ್ದೀರಲ್ಲ, ಅದಕ್ಕೆ ಮೊದಲು ವಂದನೆ.

ಸ್ಕ್ಯಾನರಿಗೆ ಬೇರೆ ಕರ್ನಲ್ ಡ್ರೈವರ್ ಬೇಕಿಲ್ಲ. ಕರ್ನಲ್‌ನ 2.4 ಆವೃತ್ತಿಯ ಕಾಲದಲ್ಲಿ ಅದರೊಳಗೇ ಒಂದಿತ್ತು, 2.6ರಲ್ಲಿ ತೆಗೆದುಹಾಕಿದರು. ಈಗ ಸೇನ್ ಎಂಬ ಮುಕ್ತ ತಂತ್ರಾಂಶ ಲಿಬ್‌ಯುಎಸ್‌ಬಿ ಎಂಬ ಲೈಬ್ರರಿಯ ಮೂಲಕ ಸ್ಕ್ಯಾನರ್ ಜೊತೆ ನೇರವಾಗಿ ಮಾತಾಡುತ್ತದೆ. ನಿಮ್ಮ ಮಾಡೆಲ್ ಅದರ ಜೆನೆಸಿಸ್ ವಿಭಾಗಕ್ಕೆ ಸೇರಿದ್ದು.

ಮೊದಲ ಸಲ ಓಡಿ ಎರಡನೆಯ ಸಲ ನಿಲ್ಲುವುದು ಯುಎಸ್‌ಬಿ 3 ಪೋರ್ಟಿಗೆ ಹಾಕಿದ ಹಳೆಯ ಸ್ಕ್ಯಾನರುಗಳಲ್ಲಿ ಕಾಣುವ ಚಿರಪರಿಚಿತ ಲಕ್ಷಣ. ಇಲ್ಲಿ ಮಾತ್ರ ಕರ್ನಲ್ ಆವೃತ್ತಿಯ ಪಾತ್ರವೂ ಇರುತ್ತದೆ, ಒಪ್ಪುತ್ತೇನೆ. ಸೇನ್ ಬರೆದವರು ಇದಕ್ಕೆಂದೇ ಒಂದು ಸ್ವಿಚ್ ಇಟ್ಟಿದ್ದಾರೆ. 'ಸೇನ್_ಯುಎಸ್‌ಬಿ_ವರ್ಕ್‌ಅರೌಂಡ್=1' ಅಂತ ಪೂರ್ತಿ ದೊಡ್ಡಕ್ಷರದಲ್ಲಿ ಇಟಿಸಿಯ ಎನ್ವಿರಾನ್‌ಮೆಂಟ್ ಫೈಲಿಗೆ ಸೇರಿಸಿ, ಲಾಗೌಟ್ ಆಗಿ ಒಳಗೆ ಬನ್ನಿ. ಆಗದಿದ್ದರೆ ಯುಎಸ್‌ಬಿ 2 ಹಬ್ ಮೂಲಕ ಹಾಕಿ ನೋಡಿ. ಈ ಸ್ಕ್ಯಾನರಿಗೆ ಬೇರೆ ಅಡಾಪ್ಟರ್ ಇಲ್ಲ, ಕರೆಂಟೂ ಯುಎಸ್‌ಬಿಯಿಂದಲೇ ಬರುತ್ತದೆ. ಹಾಗಾಗಿ ಅದೇ ಹಬ್ಬಿಗೆ ಹಾರ್ಡ್ ಡಿಸ್ಕ್, ಮೊಬೈಲ್ ಚಾರ್ಜರ್ ಚುಚ್ಚಬೇಡಿ.

ಇನ್ನು 300 ಡಿಪಿಐ, ಗ್ರೇಗೆ ಇಟ್ಟುಕೊಳ್ಳಿ. ಟೆಸರಾಕ್ಟ್ ಎಂಬ ಮುಕ್ತ ಓಸಿಆರ್ (ಚಿತ್ರದಿಂದ ಅಕ್ಷರ ಎತ್ತುವ ತಂತ್ರಾಂಶ) ಕನ್ನಡ ಓದುತ್ತದೆ. ಮುಂದೆಂದಾದರೂ ಪಠ್ಯ ಬೇಕೆನಿಸಿದರೆ ಈ ಪುಟಗಳೇ ಸಾಕಾಗುತ್ತವೆ. ಸುಮ್ನೆ ಕಪ್ಪು-ಬಿಳುಪಿನಲ್ಲಿ ತೆಗೆದರೆ ಮಾಸಿದ ಒತ್ತಕ್ಷರಗಳು ಅಳಿಸಿಹೋಗುತ್ತವೆ.

ಪ್ರಶ್ನೆ: ಹೊಸ ಆಲ್-ಇನ್-ಒನ್ ಪ್ರಿಂಟರ್ ತಂದಾಗ ಒಬ್ಬರು ಯುಎಸ್‌ಬಿಎಲ್‌ಪಿಯನ್ನು ಬ್ಲ್ಯಾಕ್‌ಲಿಸ್ಟ್ ಮಾಡಿಸಿದರು (ಲೋಡ್ ಆಗದಂತೆ ತಡೆಸಿದರು). ಹೊಸದು ನಡೆಯುತ್ತಿದೆ. ಹಳೆಯ ಕ್ಯಾನನ್ ಎಲ್‌ಬಿಪಿ 2900 ಸತ್ತೇಹೋಯಿತು.
— ಶಾಲೆಯ ಕಚೇರಿ ಸಿಬ್ಬಂದಿ, ಠಾಣೆ

ಉತ್ತರ: ಸತ್ತಿಲ್ಲ. ಕ್ಯಾನನ್ ಕೊಡುವ ಕ್ಯಾಪ್ಟ್ ಡ್ರೈವರ್ ನಡೆಯುವುದೇ ಎಲ್‌ಪಿ0 ಮೂಲಕ. ಯುಎಸ್‌ಬಿಎಲ್‌ಪಿ ಇಲ್ಲದಿದ್ದರೆ ಎಲ್‌ಪಿ0 ಹುಟ್ಟುವುದೇ ಇಲ್ಲ. ಇಟಿಸಿಯ ಮಾಡ್‌ಪ್ರೋಬ್.ಡಿ ಒಳಗೆ ಹಾಕಿದ ಬ್ಲ್ಯಾಕ್‌ಲಿಸ್ಟ್ ಸಾಲು ಅಳಿಸಿ, 'ಮಾಡ್‌ಪ್ರೋಬ್ ಯುಎಸ್‌ಬಿಎಲ್‌ಪಿ' ಕೊಡಿ. ಆಮೇಲೆ ಕ್ಯಾಪ್ಟ್ ಡ್ರೈವರಿನ ಸಿಸಿಪಿಡಿ ಸೇವೆಯನ್ನು ಮತ್ತೆ ಶುರು ಮಾಡಿ.

ಹೊಸ ಪ್ರಿಂಟರಿಗೆ ಇದರಿಂದ ತೊಂದರೆ ಇಲ್ಲ. ಈಚಿನ ಮಾಡೆಲ್‌ಗಳಲ್ಲಿ ಹೆಚ್ಚಿನವನ್ನು ಐಪಿಪಿ-ಯುಎಸ್‌ಬಿ ಎಂಬ ಸೇವೆ ನೋಡಿಕೊಳ್ಳುತ್ತದೆ, ಯುಎಸ್‌ಬಿಎಲ್‌ಪಿಯನ್ನು ತಾನೇ ಸರಿಸುತ್ತದೆ. ಸ್ಕ್ಯಾನ್ ಮಾಡುವುದೂ ಅದರ ಮೂಲಕವೇ, ಸೇನ್-ಏರ್‌ಸ್ಕ್ಯಾನ್ ಪ್ಯಾಕೇಜ್ ಇದ್ದರಾಯಿತು. ಅದರ ಮೇಲೆ ಕಂಪನಿಯ ಡ್ರೈವರನ್ನೂ ಹಾಕಿದ್ದರೆ 'ಡಿವೈಸ್ ಬ್ಯುಸಿ' ಅಂತ ಬರಬಹುದು. ಹಾಗೇನಾದರೂ ಬಂದರೆ ಕಂಪನಿಯ ಡ್ರೈವರ್ ತೆಗೆದುಹಾಕಿ, ಐಪಿಪಿ-ಯುಎಸ್‌ಬಿ ಇರಲಿ.