ವಾಚ್‌ನಲ್ಲಿ ಕಾಣದ ನೋವು

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಹತ್ತು ವರ್ಷ ಮ್ಯಾರಥಾನ್ ಓಡಿ, ಆಮೇಲೆ ನೌಕರಿ ಬಿಟ್ಟು ಕೋಚ್ ಆದವರು. ಅವರ ಹತ್ತಿರ 41 ಜನ ತರಬೇತಿ ಪಡೆಯುತ್ತಿದ್ದರು. ಆಪ್ತಸಮಾಲೋಚನೆಗೆ ಮೊದಲ ದಿನ ನನ್ನ ಹತ್ತಿರ ಬಂದಾಗ ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡೇ ಕೂತರು. ಅದು ಗುಂಯ್ ಎಂದಾಗಲೆಲ್ಲ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು.

"ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಮೇಡಂ" ಎಂದರು.

ಅವರ ಓಟಗಾರ್ತಿಯೊಬ್ಬರಿಗೆ ಕಣಕಾಲಿನ ಮೂಳೆ ಬಿರುಕು ಬಿಟ್ಟಿತ್ತು. ರೇಸ್‌ಗೆ ಇನ್ನು ಐದೇ ವಾರ. ಮೂರು ವಾರದಿಂದ ನೋವಿದ್ದರೂ ಆಕೆ ಹೇಳಿರಲಿಲ್ಲ. ತಿಂಗಳುಗಳಿಂದ ಮುಟ್ಟು ನಿಂತಿದ್ದನ್ನೂ ಹೇಳಿರಲಿಲ್ಲ. ಆಕೆಯ ವಾಚ್‌ನಿಂದ ಕೋಚ್‌ಗೆ ಬರುತ್ತಿದ್ದ ಓಟದ ಅಂಕಿಗಳು ಮಾತ್ರ ಚೆನ್ನಾಗಿಯೇ ಇದ್ದವು.

ದೇಹ ಖರ್ಚು ಮಾಡುವಷ್ಟು ಊಟ ಸೇರದಿದ್ದರೆ ಮುಟ್ಟು ತಪ್ಪಬಹುದು, ಮೂಳೆ ಸೊರಗಬಹುದು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಇದನ್ನು ರೆಡ್-ಎಸ್ (RED-S, ಅಂದರೆ ಕ್ರೀಡೆಯಲ್ಲಿ ದೇಹಕ್ಕೆ ಆಗುವ ಶಕ್ತಿಯ ಕೊರತೆ) ಎಂದು ಕರೆಯಿತು. ಗಂಡಸರನ್ನೂ ಇದು ಬಿಡುವುದಿಲ್ಲ. ಕೋಚ್‌ಗೆ ಇದೆಲ್ಲ ಗೊತ್ತಿತ್ತು. "ಗೊತ್ತಿತ್ತು, ಆದರೆ ಕೇಳಲಿಲ್ಲ" ಎಂದು ಅವರೇ ಹೇಳಿದರು. ಆ ಮಾತು ಬಂದ ಮೇಲೆ ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು.

ಯಾಕೆ ಕೇಳಲಿಲ್ಲ? ಪುರುಸೊತ್ತಿರಲಿಲ್ಲ. ಒಬ್ಬೊಬ್ಬರ ವಾರದ ಓಟ ನೋಡಿ, ಪ್ಲಾನ್ ತಿದ್ದಿ, ಒಂದು ಫೋನ್ ಮಾಡಲು 40 ನಿಮಿಷ ಬೇಕು ಎಂದರು. ಕಾಗದದ ಮೇಲೆ ಗುಣಿಸಿದೆವು: 41 ಜನರಿಗೆ ವಾರಕ್ಕೆ 27 ಗಂಟೆ 20 ನಿಮಿಷ. ಬೆಳಗಿನ ತರಬೇತಿ, ರಾತ್ರಿಯ ಮೆಸೇಜುಗಳು ಬೇರೆ. ಹೀಗಾಗಿ ಮೊದಲು ನಿಂತಿದ್ದು ಫೋನ್ ಮಾತು. ಉಳಿದದ್ದು ಗ್ರಾಫ್ ಮಾತ್ರ.

ಓಟದ ಭಾರ ಅಳೆಯಲು ಅವರು ಒಂದು ಸರಳ ಲೆಕ್ಕ ಬಳಸುತ್ತಾರೆ. ಎಷ್ಟು ಕಷ್ಟವಾಯಿತು ಎಂಬುದಕ್ಕೆ 10ರೊಳಗೆ ಒಂದು ಅಂಕ, ಅದನ್ನು ನಿಮಿಷಗಳಿಂದ ಗುಣಿಸುವುದು. ಒಂದು ಗಂಟೆ ಓಡಿ 4 ಕೊಟ್ಟರೆ 240. ನಿಮ್ಮ ವಾರಕ್ಕೂ ಹೀಗೇ ಲೆಕ್ಕ ಹಾಕಿ ತನ್ನಿ ಎಂದೆ. ರಾತ್ರಿ ಮೆಸೇಜುಗಳಿಗೆ ಅವರು 8 ಕೊಟ್ಟಿದ್ದರು, ಗುಡ್ಡ ಹತ್ತುವ ಓಟಕ್ಕೆ ಕೊಡುವಷ್ಟೇ! ಓಟಗಾರರಿಗೆ ಮೂರು ವಾರ ಭಾರ, ಒಂದು ವಾರ ಹಗುರ ಎಂದು ಪ್ಲಾನ್ ಬರೆಯುವವರಿಗೆ ಎರಡು ವರ್ಷದಿಂದ ಒಂದು ಹಗುರ ವಾರವೂ ಸಿಕ್ಕಿರಲಿಲ್ಲ.

ನಾನು ಹೇಳಿದ್ದು ಇಷ್ಟು. ಹೊಸಬರನ್ನು ಸೇರಿಸಿಕೊಳ್ಳುವುದನ್ನು ಈಗಲೇ ನಿಲ್ಲಿಸಿ. ಶುಲ್ಕ ಹೆಚ್ಚಿಸಿ, ಎರಡು ತಿಂಗಳು ಮುಂಚೆಯೇ ಎಲ್ಲರಿಗೂ ತಿಳಿಸಿ. ಮೆಸೇಜಿಗೆ ಯಾವಾಗ ಉತ್ತರ ಸಿಗುತ್ತದೆ ಎಂಬುದನ್ನು ಸೇರುವಾಗಲೇ ಬರೆದು ಕೊಡಿ. ಮುಖ್ಯವಾಗಿ, ವಾರಕ್ಕೊಮ್ಮೆ ಪ್ರತಿಯೊಬ್ಬರಿಗೂ ಬಾಯಿಬಿಟ್ಟು ಕೇಳಿ: ಎಲ್ಲಿ ನೋವಿದೆ, ನಿದ್ದೆ ಹೇಗಿದೆ, ಊಟ ಸರಿಯಾಗಿ ಸೇರುತ್ತಿದೆಯಾ? ಮುಟ್ಟಿನ ವಿಷಯ ಕೇಳಲು ಮುಜುಗರವಾದರೆ ಸೇರುವಾಗ ತುಂಬಿಸುವ ಫಾರಂನಲ್ಲೇ ಕೇಳಿ, ಎರಡು ಮೂರು ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ಅನುಮಾನ ಬಂದರೆ ನೀವು ಔಷಧಿ ಹೇಳಬೇಡಿ, ಕ್ರೀಡಾ ವೈದ್ಯರ ಹತ್ತಿರ ಕಳಿಸಿ. ಓಟ ನಿಲ್ಲಿಸು ಎಂದು ಹೇಳುವ ಕೋಚ್ ಹತ್ತಿರ ಜನ ಉಳಿಯುವುದಿಲ್ಲ ಎಂಬ ಭಯ ಅವರಿಗಿತ್ತು. ನನಗೆ ಹಾಗನ್ನಿಸುವುದಿಲ್ಲ. ಗಾಯವಾಗದೆ ವರ್ಷಗಟ್ಟಲೆ ಓಡುವವರೇ ಇನ್ನೊಬ್ಬರನ್ನು ಕರೆತರುತ್ತಾರೆ, ಅಲ್ವಾ?

ಶುಲ್ಕ ಹೆಚ್ಚಿದಾಗ ಕೆಲವರು ಬಿಟ್ಟರು. ಈಗ 26 ಜನ ಇದ್ದಾರೆ. ಆದಾಯ ಮೊದಲಿಗಿಂತ ಸ್ವಲ್ಪವೇ ಕಡಿಮೆ.

ಗಾಯಗೊಂಡ ಓಟಗಾರ್ತಿಯ ಮನೆಗೆ ಹೋಗಲು ಮಾತ್ರ ಬಹಳ ದಿನ ಹಿಂಜರಿದರು. ಏನು ಹೇಳಬೇಕು ಎಂದು ಇಲ್ಲಿ ಎರಡು ಸಲ ಅಭ್ಯಾಸ ಮಾಡಿದೆವು. ಕೊನೆಗೆ ಹೋದಾಗ ಆಕೆಯೇ ಬಾಗಿಲಲ್ಲಿ "ನಾನು ಹೇಳಬೇಕಿತ್ತು ಸರ್" ಎಂದರಂತೆ. "ನಾನು ಕೇಳಬೇಕಿತ್ತು" ಎಂದು ಇವರು.

ಶಿಷ್ಯರ ರೇಸ್ ಇರುವ ದಿನ ಅವರಿಗೆ ಇನ್ನೂ ಊಟ ಸೇರುವುದಿಲ್ಲ. ಮುಂದಿನ ಭೇಟಿಯನ್ನು ರೇಸ್‌ನ ಮರುದಿನಕ್ಕೇ ಇಟ್ಟುಕೊಂಡಿದ್ದೇವೆ.